ಮೂರು ಫೋನು, ಒಂದು ಚೌಕಾಬಾರ

ನಾಲ್ಕು ಗಂಟೆ ಹತ್ತಿರವಾದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹುಣಸೂರಿನಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವವಳು ನಾನು. ಲಾಕ್‌ಡೌನಿನಲ್ಲಿ ಕ್ಲಾಸ್ ನಿಂತಾಗ ಸುಮ್ಮನಿರಲಾರದೆ ಫೋನಿನಲ್ಲಿ ಆಡುವ ಚೌಕಾಬಾರ ಮಾಡಿಬಿಟ್ಟೆ. ನಾಲ್ಕು ಮನೆಗೆ ನಮ್ಮ ನಾಲ್ಕು ತಾಲ್ಲೂಕಿನ ಹೆಸರು: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಆಯಾ ಊರಿನವರು ಆಯಾ ಮನೆಯಲ್ಲೇ ಕೂರಬೇಕು. ನಾಲ್ಕೂ ತುಂಬದೆ ಕವಡೆ ಬೀಳುವುದಿಲ್ಲ. ಆ ನಿಯಮ ಬರೆದ ದಿನ ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡಿದ್ದೆ. ಬೆಂಕಿ ಹಾಕಬೇಕು ಅಂಥ ಬುದ್ಧಿಗೆ.

ಆಗ ಎಂಥ ಗಲಾಟೆ! ಜಾಗ ಸಿಗದವರು ನನಗೇ ಬೈದು ಮೆಸೇಜ್ ಹಾಕುತ್ತಿದ್ದರು. ‘ಆ ಪಿರಿಯಾಪಟ್ಟಣದೋನು ಎದ್ದೇಳದೇ ಇಲ್ವಲ್ಲ, ಓಡ್ಸಿ ಅವನ್ನ’ ಅಂತ ಒಬ್ಬರು. ಆಮೇಲೆ ಬಸ್ಸು ಓಡಿದವು, ಶಾಲೆ ತೆರೆದವು, ಹೊಗೆಸೊಪ್ಪಿನ ಕೆಲಸ ಶುರುವಾಯಿತು. ಮೊದಲು ಕೆ.ಆರ್. ನಗರದ ಮನೆ ಖಾಲಿಯಾಯಿತು. ನಿಯಮ ಸಡಿಲಿಸಬಹುದಿತ್ತು, ಸಡಿಲಿಸಿದರೆ ಜನ ಬಿಟ್ಟುಹೋದರೆಂದು ಒಪ್ಪಿಕೊಂಡ ಹಾಗೆ. ಇವತ್ತೊಂದು ದಿನ ಅಂದುಕೊಂಡು ಹಳೇ ಫೋನಿನಿಂದ ಕೆ.ಆರ್. ನಗರದವಳಾಗಿ ನಾನೇ ಕೂತೆ. ಪಿರಿಯಾಪಟ್ಟಣದವರೂ ಜಾರಿದ ಮೇಲೆ ಮೂರನೇ ಫೋನು ಬಂತು. ಹುಣಸೂರಿನ ಮನೆಯಂತೂ ಮೊದಲಿನಿಂದ ನನ್ನದೇ.

ಕೊನೆಗೆ ನಿಜವಾಗಿ ಉಳಿದದ್ದು ಒಬ್ಬರೇ, ಕೋಟೆಯ ಕಡೆಯವರು. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟ್ ಊರಿನಲ್ಲಿ ಟೈಲರ್ ಅಂಗಡಿ ಇದೆ ಎಂದು ಆಟದ ಚಾಟಿನಲ್ಲಿ ಬರೆದಿದ್ದರು. ದಿನಾ ನಾಲ್ಕಕ್ಕೆ ಸರಿಯಾಗಿ ಹಾಜರ್. ಅವರಿಗೆ ಗೊತ್ತಾಗಬಾರದೆಂದು ಮೂವರಿಗೂ ಬೇರೆ ಬೇರೆ ಸ್ವಭಾವ ಹಚ್ಚಿದ್ದೆ. ಪಿರಿಯಾಪಟ್ಟಣದವನು ಸಿಡುಕ, ಹುಣಸೂರಿನವಳು ಬಾಯಿಬಡುಕಿ, ಕೆ.ಆರ್. ನಗರದವಳು ಪಾಪದವಳು. ಒಬ್ಬರ ಮಾತನ್ನು ಇನ್ನೊಬ್ಬರ ಫೋನಿನಿಂದ ಕಳಿಸಿ ಎಷ್ಟು ಸಲ ತಲೆ ಚಚ್ಚಿಕೊಂಡಿದ್ದೇನೋ! ತಂಗಿಯ ಮಂಗ್ನಿಯ ದಿನ, ನಿಶ್ಚಿತಾರ್ಥಕ್ಕೆ ಬಂದ ಬೀಗರು ಪಡಸಾಲೆಯಲ್ಲಿ ಕೂತಿದ್ದರೆ ನಾನು ಅಡುಗೆಮನೆ ಮೂಲೆಯಲ್ಲಿ ಕವಡೆ ಹಾಕುತ್ತಿದ್ದೆ. ಅಮ್ಮಿಯ ತಂಗಿ ಖಾಲಾ ಬಂದು ನೋಡಿ, ‘ಏನೇ, ಮೊಬೈಲ್ ಅಂಗಡಿ ಇಟ್ಟಿದ್ದೀಯಾ?’ ಎಂದು ನಕ್ಕರು. ನನಗೆ ಅಳು ಬಂತು.

ಅಷ್ಟರಲ್ಲಿ ಹೊಸ ಫೋನುಗಳಿಗೆ ಹಳೇ ಆಟ ಒಗ್ಗದಾಯಿತು. ಇಡೀ ಆಟ ತಿರುಗಿ ಬರೆಯಬೇಕು, ಇಲ್ಲವೇ ಮುಚ್ಚಬೇಕು. ಮುಚ್ಚುತ್ತೇನೆಂದು ಪರದೆಯ ಮೇಲೆ ಒಂದು ಸಾಲು ಹಾಕಿದ್ದರೆ ಸಾಕಿತ್ತು. ಓದುವವರು ಒಬ್ಬರೇ ಇರುವಾಗ ಅದು ಮುಖದ ಮೇಲೆ ಬಾಗಿಲು ಹಾಕಿದ ಹಾಗಲ್ಲವೇ? ಎದುರಿಗೇ ಹೇಳೋಣವೆಂದು ಒಂದು ಬೆಳಿಗ್ಗೆ ಹ್ಯಾಂಡ್‌ಪೋಸ್ಟಿಗೆ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ನನಗಿಂತ ಸ್ವಲ್ಪ ದೊಡ್ಡವರಾದ ಹೆಂಗಸು ರವಿಕೆಗೆ ಕೊಕ್ಕೆ ಹಾಕುತ್ತಿದ್ದರು. ಆ ಆಟ ಮಾಡಿದವಳು ನಾನು, ಇನ್ನು ಮುಚ್ಚುತ್ತಿದ್ದೇನೆ ಎಂದೆ. ಅವರ ಕೈ ನಿಂತಿತು.

‘ಬ್ಯಾಡಿ ಕಣ್ರೀ. ನಂದು ಬುಡಿ, ನಂಗೂ ಸಾಕಾಗದೆ. ಮಿಷನ್ ನಿಲ್ಸುದ್ರೆ ಗಿರಾಕಿಗಳು ಬಯ್ತರೆ. ಆದ್ರೆ ಆ ಕೆ.ಆರ್. ನಗರದೋರು, ಪಾಪ, ದಿನಾ ಸೋಲ್ತರೆ, ಒಂದಿನಾನೂ ತಪ್ಪುಸ್ನಿಲ್ಲ. ನಾನು ಬರ್ನಿಲ್ಲ ಅಂದ್ರೆ ಮೂರು ಜನಕ್ಕೂ ಆಟ ಇಲ್ವಲ್ಲ. ಅವರಿಗೋಸ್ಕರನೇ ನಾನು ಬರದು.’

ಅವರಿಗಾಗಿ ನಾನು, ನನಗಾಗಿ ಅವರು, ಬೇಕಿತ್ತಾ ಈ ಕರ್ಮ? ಆ ಮೂವರಿಗೂ ಹೇಳಿದ್ದೇನೆ, ಒಪ್ಪಿದ್ದಾರೆ ಎಂದು ಸುಳ್ಳು ಹೇಳಿ ಬಸ್ಸು ಹತ್ತಬಹುದಿತ್ತು. ಬಾಯಿ ಬರಲಿಲ್ಲ.

‘ಆ ಮೂರು ಜನ ಇಲ್ಲ ಕಣ್ರೀ. ಮೂರೂ ನಾನೇ.’

ಅವರು ನಕ್ಕರು. ಬ್ಯಾಗಿನಿಂದ ಮೂರು ಫೋನು ತೆಗೆದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇಟ್ಟೆ. ನಗು ನಿಂತುಹೋಯಿತು. ಒಂದೊಂದೇ ಫೋನು ಎತ್ತಿ ತಿರುಗಿಸಿ ನೋಡಿದರು.

‘ನಮ್ಮವ್ವ ತೀರೋದಾಗ ಮೂವರೂ ಬರ್ದಿದ್ರಲ್ಲ, ಅವು?’

‘ಅವೂ ನಾನೇ.’

‘ಕೆ.ಆರ್. ನಗರದೋರು ಅವರವ್ವನ ವಿಷ್ಯ ಎಲ್ಲ ಬರ್ದಿದ್ರು. ಅದ್ನ ಓದಿ ನಾನು ಎರಡು ದಿನ ಅತ್ತಿದ್ದೀನಿ.’

ಅದು ನನ್ನ ಅಮ್ಮಿಯ ಸಾವು. ನನ್ನ ಹೆಸರಿನಲ್ಲಿ ಯಾರಿಗೂ ಹೇಳಲಾಗದ್ದನ್ನು ಆ ಇಲ್ಲದ ಹೆಂಗಸಿನ ಹೆಸರಿನಲ್ಲಿ ಬರೆದಿದ್ದೆ, ಬರೆಯುತ್ತ ನಾನೂ ಅತ್ತಿದ್ದೆ. ಈಗ ಅದನ್ನು ಹೇಳಿದರೆ ಯಾರು ನಂಬುತ್ತಾರೆ? ತಪ್ಪಾಯಿತು ಎಂದಷ್ಟೇ ಅಂದೆ.

ಅವರು ರವಿಕೆ ಮಡಿಸಿ ಪಕ್ಕಕ್ಕಿಟ್ಟರು. ‘ಮುಚ್ಚಿ, ಬ್ಯಾಡ ಅನ್ನಕಿಲ್ಲ. ಆದ್ರೆ ಅಂಗೇ ಮಾಯ ಆಗ್ಬ್ಯಾಡಿ. ಮೂವರೂ ನಂಗೆ ಒಂದ್ ಮಾತು ಏಳ್ಬುಟ್ಟು ಓಗ್ಲಿ.’

ಸ್ಟೂಲಿನ ಮೇಲೆ ಕೂತು ಬರೆದೆ. ಹುಣಸೂರಿನವಳು ಉದ್ದಕ್ಕೆ ಕೊರೆದಳು. ಪಿರಿಯಾಪಟ್ಟಣದವನು ಎರಡೇ ಮಾತು ಹಾಕಿದ. ಅವರು ತಮ್ಮ ಫೋನಿನಲ್ಲಿ ಒಂದೊಂದನ್ನೂ ಓದಿ, ಒಂದೊಂದಕ್ಕೂ ಉತ್ತರ ಬರೆದರು. ಉಳಿದ ಹಳೇ ಫೋನಿನಲ್ಲಿ ನಾನು ಬರೆದೆ, ಅಳಿಸಿದೆ, ಮತ್ತೆ ಬರೆದೆ, ಮತ್ತೆ ಅಳಿಸಿದೆ.

ಅವರು ನನ್ನ ಕಡೆ ತಿರುಗಲಿಲ್ಲ. ಫೋನನ್ನೇ ನೋಡುತ್ತ, ‘ಕೆ.ಆರ್. ನಗರದೋರ್ದು ಇನ್ನೂ ಬಂದಿಲ್ಲ’ ಅಂದರು.