ತಾತನ ಕೊನೆಯ ಬ್ಯಾರನ್

ಪ್ರೇತ, ಶಕುನ ಮುಂತಾದವುಗಳ ಬಗ್ಗೆ ನಾನು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರಿಗೆ ಒಪ್ಪುವಂಥ ಧೋರಣೆಯನ್ನೇ ಇಟ್ಟುಕೊಂಡು ಬಂದವನು. ಇಂಥ ಕಥೆ ಹೇಳಲು ಬಂದವರಿಗೆ ಕಾಫಿ ಕೊಟ್ಟು, ಕಥೆಯನ್ನು ಅವರ ಕೈಗೇ ವಾಪಸ್ಸು ಕೊಟ್ಟು ಕಳಿಸುತ್ತಿದ್ದೆ. ಈಗ ನಾನೇ ಒಂದು ಹೇಳಬೇಕಾಗಿದೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇಸರಪಡುವಷ್ಟು ಚೈತನ್ಯವೂ ಉಳಿದಿಲ್ಲ.

ನನ್ನ ತಾಯಿಯ ತಂದೆ, ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯವರು, ತೊಂಬತ್ನಾಲ್ಕು ವರ್ಷ ಬದುಕಿದರು. ಬದುಕಿದರು ಎನ್ನುವುದಕ್ಕಿಂತ ಹೊರಡಲು ಒಪ್ಪಲಿಲ್ಲ ಎನ್ನುವುದೇ ಸರಿ. ಇಬ್ಬರು ಹೆಂಡತಿಯರನ್ನೂ, 'ಇನ್ನು ಆರು ತಿಂಗಳು' ಎಂದಿದ್ದ ಒಬ್ಬ ಡಾಕ್ಟರನ್ನೂ ಮುಂದೆ ಕಳಿಸಿ ತಾವು ಉಳಿದುಕೊಂಡರು. ಬೈಲಕುಪ್ಪೆಗೆ ಟಿಬೆಟಿನವರು ಬಂದ ಹೊಸದರಲ್ಲಿ ಅವರಿಗೆ ಮುಸುಕಿನ ಜೋಳ ಬಿತ್ತುವುದನ್ನು ಕಲಿಸಿದ್ದು ತಾವೇ ಎನ್ನುತ್ತಿದ್ದರು. ಅವರಿಂದ ಕೊಂಡ ಕಂದು ಸ್ವೆಟರನ್ನು, ಊರಿಗೆಲ್ಲ ಬಿಸಿ ಜಾಗವಾದ ಬ್ಯಾರನ್ ಎದುರು ಕೂತಾಗಲೂ ಬಿಚ್ಚಿದವರಲ್ಲ.

ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಗೋಡೆಯ ಕಟ್ಟಡ. ಐದಾರು ದಿನ ಅದರ ಬುಡದ ಸೌದೆ ಬೆಂಕಿ ಆರಬಾರದು. ಹೆಚ್ಚಾಗಲೂಬಾರದು, ಹೆಚ್ಚಾದರೆ ಸೊಪ್ಪು ಕಂದಿ ಕಪ್ಪಾಗುತ್ತದೆ. ನಮ್ಮ ಬ್ಯಾರನ್ನಿನ ಥರ್ಮಾಮೀಟರ್ ಒಡೆದು ಎರಡು ವರ್ಷವಾಗಿತ್ತು. ಹೊಸದು ತಂದರೆ ತಮ್ಮ ಅಂಗೈಗೆ ಅವಮಾನವೆಂದು ತಾತ ತರಗೊಟ್ಟಿರಲಿಲ್ಲ. ಗೋಡೆಗೆ ಕೈಯಿಟ್ಟು, "ಎರಡು ಕೊರಡು ಎಳೀರ್ಲಾ" ಎಂದರೆ ಎಳೆಯಬೇಕು. ಎಳೆದ ಕೊರಡಿಗೆ ನೀರು ಹಾಕಿದರೆ ಇದ್ದಿಲು ಹಾಳೆಂದು, ಉರಿಯುವ ತುದಿಯನ್ನು ಮಣ್ಣಿನಲ್ಲಿ ಹೂತಿಡುತ್ತಿದ್ದರು. ಬೇರೆ ಯಾರಿಗೂ ಅಷ್ಟು ವ್ಯವಧಾನವಿರಲಿಲ್ಲ. ಒಂದು ಬಿಂದಿಗೆ ನೀರು ಸುರಿದು ಮುಗಿಸುತ್ತಿದ್ದರು.

ಆರು ವರ್ಷದ ಹಿಂದೆ, ಬ್ಯಾರನ್ ಹಚ್ಚಿದ ಮೂರನೆಯ ದಿನ ಬೆಳಗ್ಗೆ ತಾತ ತೀರಿಕೊಂಡರು. ಹಿಂದಿನ ಸಂಜೆ ಅವರಾಡಿದ ಕೊನೆಯ ಮಾತು, "ಸೊಪ್ಪು ಕಂದಿಸ್ಬ್ಯಾಡಿ ಕಣ್ರಲಾ." ದೇವರ ಹೆಸರು ಹೇಳಿಸಲು ಕೂತಿದ್ದವರಿಗೆ ಸ್ವಲ್ಪ ನಿರಾಸೆಯಾಯಿತು.

ಆಮೇಲೆ ಅಂಗಳದಲ್ಲಿ ದೊಡ್ಡ ಧರ್ಮಸೂಕ್ಷ್ಮವೊಂದು ಎದ್ದಿತು. ದಾಯಾದಿ ಹಿರಿಯರೊಬ್ಬರು ಹೇಳಿದರು: "ಎಣ ಎತ್ತೋಗಂಟ ಸಾವಿನ್ ಮನೇಲಿ ಬೆಂಕಿ ಉರೀಬಾರ್ದು ಕಣ್ರಪ್ಪ."

"ಬ್ಯಾರನ್ನಲ್ಲಿ ಮುದ್ದೆ ಬೇಯ್ತದಾ? ಅದೆಂಗ್ ಒಲೆಯಾದಾತು?" ಎಂದು ನಮ್ಮತ್ತೆ ಅಳುತ್ತಲೇ ಕೇಳಿದರು.

ತಾತನ ಮಗ, ನನ್ನ ಸೋದರಮಾವ, ತಲೆ ಎತ್ತಲಿಲ್ಲ. "ಅಪ್ಪನ್ ಕೊನೆ ಬ್ಯಾರನ್ನು. ಕೆಟ್ರೆ ಯಾವ್ ಮಕ ಇಟ್ಕಂಡು ತಿಥಿ ಮಾಡ್ಲಿ?"

ಕೊನೆಗೆ ತೀರ್ಪಾಯಿತು: ಬೆಂಕಿ ಉರಿಯಲಿ, ಆದರೆ ಆ ಮನೆತನದವರು ಮುಟ್ಟಕೂಡದು. ಮೇಷ್ಟ್ರು ಮಗಳ ಮಗ, ಬೇರೆ ಮನೆಯವರು, ಅವರು ನೋಡಿಕೊಳ್ಳಲಿ. ಹೀಗೆ ಆ ಮನೆಯ ಅತ್ಯಂತ ನಿರುಪಯೋಗಿ ವ್ಯಕ್ತಿಗೆ ಅತ್ಯಂತ ಜವಾಬ್ದಾರಿಯ ಹುದ್ದೆ ಸಿಕ್ಕಿತು. ತಾತನಿಗೆ ಒಂದು ಹಿಡಿ ಮಣ್ಣು ಹಾಕುವುದು ಮಾತ್ರ ತಪ್ಪಿತು.

"ಗೋಡೆ ಮುಟ್ಟಿ ನೋಡು. ಕೈ ತಡ್ಕಂಡ್ರೆ ಸೌದೆ ಆಕು, ತಡೀನಿಲ್ಲ ಅಂದ್ರೆ ಎಳ್ದ್ ಬುಡು," ಎಂದು ಹೇಳಿ ಮಾವ ಹೆಣದ ಹಿಂದೆ ಹೊರಟರು. ಊರೇ ಹೊರಟಿತು. ಕೆ.ಆರ್. ನಗರದಿಂದ ಬಂದು ಎರಡು ರಾತ್ರಿ ತಾತನ ಪಕ್ಕ ಕೂತಿದ್ದ ನನಗೆ ಕಣ್ಣು ಎಳೆಯುತ್ತಿತ್ತು. ಬೆಂಕಿ ಆರಿಬಿಟ್ಟರೆ ಎಂಬ ಭಯಕ್ಕೆ ನಾಲ್ಕು ದಪ್ಪ ಕೊರಡುಗಳನ್ನು ಒಟ್ಟಿಗೇ ತುರುಕಿದೆ. ಅದೇ ತಪ್ಪು. ತಾತನ ಗೋಣಿಚೀಲದ ಮೇಲೆ ಕೂತು ಗೋಡೆಗೆ ಒರಗಿದ್ದಷ್ಟೇ ನೆನಪು.

ಎಚ್ಚರವಾದಾಗ ಬಿಸಿಲು ಇಳಿಯತೊಡಗಿತ್ತು. ಸೊಪ್ಪು ಹೋಯಿತೆಂದೇ ಎದ್ದೆ. ಒಲೆಯಲ್ಲಿದ್ದದ್ದು ಎರಡೇ ಕೊರಡು. ಉಳಿದೆರಡು ಹೊರಗೆ ಬಿದ್ದಿದ್ದವು, ತುದಿ ಮಣ್ಣಿನಲ್ಲಿ ಹೂತುಕೊಂಡು. ಬೆಳಗ್ಗೆ ಮುಚ್ಚಿದ್ದ ಮೇಲಿನ ಗಾಳಿಕಿಂಡಿ ತೆರೆದಿತ್ತು. ಅದನ್ನು ತೆರೆಯುವ ಸರಪಳಿ ಹಿಂದಿನ ಗೋಡೆಯಲ್ಲಿದೆ ಎಂದು ನನಗೆ ಆಗಿನ್ನೂ ಯಾರೂ ಹೇಳಿರಲಿಲ್ಲ. ನನ್ನ ಕೈ ನೋಡಿಕೊಂಡೆ. ಮಸಿಯಿರಲಿಲ್ಲ.

ಅಷ್ಟರಲ್ಲಿ ಮಾವ ಒದ್ದೆ ಬಟ್ಟೆಯಲ್ಲೇ ಬಂದರು. ಸೂತಕ ಮರೆತು ಗೋಡೆಗೆ ಕೈಯಿಟ್ಟರು. ಹೂತ ಕೊರಡುಗಳನ್ನು ಬಹಳ ಹೊತ್ತು ನೋಡಿದರು. "ಅಪ್ಪನ್ ಕೈ ನಿಂಗ್ ಬಂದದೆ ಕಣಪ್ಪ," ಎಂದವರೇ ಕುಸಿದು ಕೂತು, ಬೆಳಗಿನಿಂದ ಅಳದಿದ್ದವರು ಅತ್ತರು. ಆ ಹೊತ್ತಿನಲ್ಲಿ, ನಾನು ನಿದ್ದೆ ಮಾಡಿದ್ದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ನಿಮಗಿರುತ್ತಿತ್ತೇ? ಸೊಪ್ಪು ಬಂಗಾರದ ಬಣ್ಣಕ್ಕೆ ಬಂತು.

ಆಮೇಲೆ ಉಪಾಯವಾಗಿ ಎಲ್ಲರನ್ನೂ ವಿಚಾರಿಸಿದೆ. ಮಣ್ಣು ಮುಗಿಯುವವರೆಗೆ ಸ್ಮಶಾನದಿಂದ ಯಾರೂ ಕದಲಿರಲಿಲ್ಲ. ನಿದ್ದೆಗಣ್ಣಿನಲ್ಲಿ ನಾನೇ ಮಾಡಿ ಕೈ ತೊಳೆದುಕೊಂಡೆನೇ? ವಿಜ್ಞಾನ ಹಾಗೆನ್ನಬಹುದು. ಸರಪಳಿಯ ಜಾಗವನ್ನು ವಿಜ್ಞಾನ ಹೇಗೆ ತಿಳಿದುಕೊಂಡಿತೋ ಕಾಣೆ.

ಅಂದಿನಿಂದ ಪ್ರತಿ ವರ್ಷ ಬ್ಯಾರನ್ ಹಚ್ಚುವಾಗ ನನಗೆ ಕರೆ ಬರುತ್ತದೆ. ಮಂಡಿ ನೋವಿಟ್ಟುಕೊಂಡು ಬಸ್ಸು ಹತ್ತಿ ಹೋಗಿ, ಗಂಭೀರವಾಗಿ ಗೋಡೆಗೆ ಕೈಯಿಡುತ್ತೇನೆ. ಮಾವ ಕೈಕಟ್ಟಿ ನಿಂತಿರುತ್ತಾರೆ. ಹೋದ ವರ್ಷ ಮಾವ ಊಟಕ್ಕೆ ಹೋದಾಗ, ಬೇಕೆಂದೇ ನಾಲ್ಕು ಕೊರಡು ತುರುಕಿ, ಅದೇ ಗೋಣಿಚೀಲದ ಮೇಲೆ ಕಣ್ಣು ಮುಚ್ಚಿ ಕೂತೆ. ಯಾರೂ ಬರಲಿಲ್ಲ. ಗೋಡೆ ಬೆನ್ನಿಗೆ ಸುಡತೊಡಗಿದಾಗ ಗಾಬರಿಯಿಂದ ಎದ್ದು ಎರಡು ಕೊರಡು ನಾನೇ ಎಳೆದೆ. ಪಕ್ಕದಲ್ಲೇ ತುಂಬಿದ ಬಿಂದಿಗೆಯಿತ್ತು. ಅದು ಕಣ್ಣಿಗೆ ಬಿದ್ದದ್ದು, ತುದಿಗಳನ್ನು ಮಣ್ಣಿನಲ್ಲಿ ಹೂತು ಮುಗಿಸಿದ ಮೇಲೆ.