ದಿನಕ್ಕೊಂದು ವಚನ

ಆ ಕಾಲದಲ್ಲಿ ಪೀಣ್ಯದ ಸುತ್ತಮುತ್ತ ಹೊತ್ತು ತಿಳಿಯಲು ಗಡಿಯಾರ ಬೇಕಿರಲಿಲ್ಲ, ಕಾರ್ಖಾನೆಗಳ ಸೈರನ್ ಸಾಕಿತ್ತು. ಎಂಬತ್ತರ ಆಸುಪಾಸಿನ ಒಂದು ಚಳಿಗಾಲ, ಅವರೆಕಾಯಿ ಸುಗ್ಗಿ ಶುರುವಾಗುವಾಗ, ಅಪ್ಪನ ಕಾರ್ಖಾನೆಯಲ್ಲಿ ಮುಷ್ಕರ ಆಯಿತು. ಗೇಟಿನ ಹೊರಗೆ ಕೂತವರಲ್ಲಿ ಅಪ್ಪನೇ ಮುಂದೆ. ಅಲ್ಲೇ ಕೆಲಸಕ್ಕಿದ್ದ ಚಿಕ್ಕಪ್ಪ ಒಂದಷ್ಟು ದಿನ ಜೊತೆಗೆ ಕೂತ. ಆಮೇಲೊಂದು ಬೆಳಿಗ್ಗೆ ತಲೆ ತಗ್ಗಿಸಿಕೊಂಡು ಗೇಟು ದಾಟಿ ಕೆಲಸಕ್ಕೆ ಹೋಗಿಬಿಟ್ಟ. ಚಿಕ್ಕಮ್ಮ ಆಗ ತುಂಬು ಬಸುರಿ.

ಅಂದಿನಿಂದ ಅಪ್ಪ ತಮ್ಮನ ಜೊತೆ ಮಾತು ಬಿಟ್ಟ. ಅವನು ಒಳಗಿದ್ದರೆ ಹೊಸಿಲು ದಾಟುತ್ತಿರಲಿಲ್ಲ. ಅಮ್ಮ ತಟ್ಟೆಯನ್ನು ಜಗಲಿಗೇ ಒಯ್ದು ಕೊಡಬೇಕಿತ್ತು. ಕ್ರಿಸ್‌ಮಸ್ ಮುಗಿದ ಮೇಲೆ ಬೇರೆ ಮನೆ ಮಾಡುತ್ತೇನೆಂದು ಚಿಕ್ಕಪ್ಪ ಅಜ್ಜಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ನನಗೆ ಊಟ ಸೇರದಾಯಿತು. ಕುಂಟೆಬಿಲ್ಲೆ ಆಡಲು ಕಾರ್ಖಾನೆಯಿಂದ ದುಂಡನೆಯ ತಗಡಿನ ಚೂರು ತಂದುಕೊಡುತ್ತಿದ್ದವನು ಅವನೇ.

ಅಜ್ಜಿ ಯಾರ ಪರವೂ ಮಾತಾಡಲಿಲ್ಲ. ದೀಪ ಹಚ್ಚಿದ ಮೇಲಿನ ಮನೆ ಪ್ರಾರ್ಥನೆಯಲ್ಲಿ, ಇಬ್ಬರು ಗಂಡುಮಕ್ಕಳ ಕಥೆ ಬರುವ ಜಾಗ ತೆಗೆ ಎಂದಳು, ಅಷ್ಟೇ. ಅವಳಿಗೆ ಓದು ಬಾರದು, ಸತ್ಯವೇದ, ಅಂದರೆ ಬೈಬಲ್, ಓದುವುದು ನನ್ನ ಪಾಲಿನ ಕೆಲಸ. ಅವಳ ಪದ್ಧತಿಯೇ ಬೇರೆ: ದಿನಕ್ಕೊಂದೇ ವಚನ. ಅದನ್ನೇ ಮತ್ತೆ ಮತ್ತೆ ಓದಬೇಕು, ಸುಮ್ಮನೆ ಕೂರಬೇಕು, ಯಾವ ಮಾತು ಮನಸ್ಸನ್ನು ಹಿಡಿಯಿತೆಂದು ಒಬ್ಬೊಬ್ಬರೂ ಹೇಳಬೇಕು. ಅಲ್ಲಿಯವರೆಗೆ ಅವರೆಕಾಳಿನ ಸಾರು ಒಲೆಯ ಮೇಲಿಂದ ನಮ್ಮನ್ನು ಗೋಳು ಹುಯ್ದುಕೊಳ್ಳುತ್ತಿತ್ತು. ನಾನು ಆತುರಕ್ಕೆ ಮುಂದಿನ ವಚನಕ್ಕೆ ಹಾರಿದರೆ ಅಜ್ಜಿಯ ಒರಟು ಕೈ ಬಂದು ಪುಟದ ಮೇಲೆ ಕೂರುತ್ತಿತ್ತು.

“ನುಂಗಕ್ಕೆ ಇದೇನು ಮುದ್ದೇನಾ? ಕಬ್ಬು ಕಣವ್ವ. ನಿಧಾನಕ್ಕೆ ಅಗಿ.”

ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಕಿರಿಯ ಮಗ ಮನೆ ಬಿಟ್ಟು ಹೋಗಿ ಕೆಡುತ್ತಾನೆ, ಹಿಂದಿರುಗುತ್ತಾನೆ. ತಂದೆ ಓಡಿಹೋಗಿ ಅಪ್ಪಿಕೊಂಡು ಹಬ್ಬದೂಟ ಮಾಡಿಸುತ್ತಾನೆ. ಹೊಲದಿಂದ ಬಂದ ಹಿರಿಯವನು ಸಿಟ್ಟಾಗಿ ಒಳಗೆ ಬರಲೊಲ್ಲೆ ಎನ್ನುತ್ತಾನೆ. ಒಂದೇ ಉಸಿರಿಗೆ ಓದಿದ್ದರೆ ಅದೇ ಸಂಜೆ ಮುಗಿದು ಎಲ್ಲರೂ ಮರೆತಿರುತ್ತಿದ್ದೆವು. ದಿನಕ್ಕೊಂದು ವಚನವಾದ್ದರಿಂದ ಆ ಹಿರಿಯ ಮಗ ದಿನದಿನವೂ ನಮ್ಮ ಬಾಗಿಲಿಗೆ ಹತ್ತಿರವಾಗುತ್ತಿದ್ದ. ಜಗಲಿಯಲ್ಲಿ ಕೂತ ಅಪ್ಪನಿಗೂ ನನ್ನ ಓದು ಕೇಳಿಸುತ್ತಿತ್ತು. ಅವನೆಲ್ಲಿ ಎದ್ದು ಬಂದು ಪುಸ್ತಕ ಕಿತ್ತುಕೊಳ್ಳುತ್ತಾನೋ ಎಂದು ನನಗೆ ಹೆದರಿಕೆ.

ಹಿರಿಯವನು ಒಳಗೆ ಬರಲೊಲ್ಲದ ವಚನ ಓದಿದ ಸಂಜೆ ನಾನು ದನಿ ತಗ್ಗಿಸಿದೆ. ಯಾವ ಮಾತು ಹಿಡಿಯಿತೆಂದು ಅಜ್ಜಿ ಕೇಳಿದರೆ ಅಮ್ಮ ಸಾರು ನೋಡಲು ಎದ್ದು ಹೋದಳು. ಮರುದಿನದ ವಚನದಲ್ಲಿ ಆ ಹಿರಿಯವನು ತಂದೆಗೆ ತನ್ನ ದುಡಿಮೆಯನ್ನೆಲ್ಲ ಎತ್ತಿ ಆಡುತ್ತಾನೆ. ಚಿಕ್ಕಪ್ಪ ಅಂದು, ಅವನು ಹೇಳುವುದರಲ್ಲಿ ಸುಳ್ಳೇನೂ ಇಲ್ಲ ಎಂದ. ಹೊರಗೆ ಅಪ್ಪ ಕೆಮ್ಮಿದ.

ಹಬ್ಬಕ್ಕೆ ಮುಂಚೆಯೇ ಅಧ್ಯಾಯ ಮುಗಿಯಿತು. ಹೊರಗೆ ಬಂದ ತಂದೆ ಹಿರಿಯವನಿಗೆ ಸಮಾಧಾನ ಹೇಳುವ ಮಾತೇ ಕೊನೆ.

“ಆಮೇಲೆ?” ಎಂದಳು ಅಜ್ಜಿ.

“ಅಷ್ಟೇ ಅಜ್ಜಿ. ಮುಂದಕ್ಕೆ ಬೇರೆ ಕಥೆ.”

“ಒಳಕ್ಕೆ ಬಂದ್ನಾ, ಇಲ್ವಾ?”

“ಬರ್ದಿಲ್ಲ.”

ಜೀವಮಾನವೆಲ್ಲ ಕೇಳಿದ ಕಥೆಯಲ್ಲಿ ಇಷ್ಟು ದೊಡ್ಡ ಮಾತು ಬಿಟ್ಟುಹೋಗಿದೆಯೆಂದು ಅವಳಿಗೂ ಅಂದೇ ಹೊಳೆದಿರಬೇಕು. ಬಾಗಿಲ ಕಡೆ ನೋಡಿದಳು. ಆಗ ಚಿಕ್ಕಪ್ಪ ಎದ್ದು, ಎರಡು ತಟ್ಟೆಗೆ ತಾನೇ ಮುದ್ದೆ, ಸಾರು ಬಡಿಸಿಕೊಂಡು ಜಗಲಿಗೆ ಹೋದ.

“ಅಣ್ಣ, ನಿಂದು ಸುಳ್ಳಲ್ಲ. ಉಣ್ಣು.”

ಅಪ್ಪ ತುಸು ಸರಿದು ತಮ್ಮನಿಗೆ ಜಾಗ ಬಿಟ್ಟ. ಅಂದು ಅವನು ಒಳಗೆ ಬರಲಿಲ್ಲ, ನಿಜ. ಆದರೆ ಚಿಕ್ಕಪ್ಪ ಬೇರೆ ಮನೆ ಮಾಡಲೂ ಇಲ್ಲ. ಕೂಸು ಹುಟ್ಟಿದ ದಿನ ಅಪ್ಪನೇ ಮೊದಲು ಹೊಸಿಲು ದಾಟಿ ಅದನ್ನು ಎತ್ತಿಕೊಂಡ.

ಆ ಜಗಲಿ ಇದ್ದಲ್ಲಿ ಈಗ ಗೋದಾಮಿನ ಶಟರ್ ಇದೆ. ಅಜ್ಜಿ, ಅಪ್ಪ, ಚಿಕ್ಕಪ್ಪ ಯಾರೂ ಉಳಿದಿಲ್ಲ. ಬೆಳಗಾದರೆ ನನ್ನ ಮೊಬೈಲಿಗೆ ಅವರಿವರು ವಚನ ಕಳಿಸುತ್ತಾರೆ. ಹಾಲು ಉಕ್ಕುವುದರೊಳಗೆ ಅಷ್ಟನ್ನೂ ಓದಿ ಮುಗಿಸುತ್ತೇನೆ. ಅಡ್ಡ ಬಂದು ಪುಟದ ಮೇಲೆ ಕೂರುವ ಕೈಯಿಲ್ಲ.