ಡಾಕ್ಟರಮ್ಮನ ತೋಳಿನ ನಂಬರು

ಆಗ ನನಗೆ ನಲವತ್ತು. ಅದೆಲ್ಲ ಆಗಿ ಮೂವತ್ತೆಂಟು ವರ್ಷವಾಯಿತು. ಒಬ್ಬ ಡಾಕ್ಟರಮ್ಮನನ್ನು ನಾನು ಊರು ಬಿಡಿಸಿದೆ, ಒಬ್ಬ ಬಸುರಿ ಸಾಯುವುದನ್ನು ನಿಂತು ನೋಡಿದೆ. ಸುಳ್ಳು ಹೇಳಲಿಲ್ಲ. ನಿಜದಲ್ಲಿ ಅರ್ಧ ಹೇಳಿ ಅರ್ಧ ನುಂಗಿದೆ.

ನಾನು ಹಚ್ಚೆ ಹಾಕುವವಳು. ಮಸ್ಕಿ ಸಂತೆಯಲ್ಲಿ, ಬಸ್ಸು ನಿಲ್ಲುವ ಕಡೆ, ಬೇವಿನ ಮರದ ಕೆಳಗೆ ಕೂಡುತ್ತಿದ್ದೆ. ಮದುವೆ ಗೊತ್ತಾದ ಹುಡುಗಿಯರನ್ನು ಕರೆತರುತ್ತಿದ್ದರು. ಅವು ಅಳುತ್ತಿದ್ದವು. ಇಬ್ಬರು ಅದುಮಿ ಹಿಡಿಯುತ್ತಿದ್ದರು, ನಾನು ಚುಚ್ಚುತ್ತಿದ್ದೆ.

ನಮ್ಮ ಸಂತೆಕಲ್ಲೂರಿನಲ್ಲಿ ಡಾಕ್ಟರಮ್ಮ ಸಣ್ಣ ದವಾಖಾನೆ ಇಟ್ಟಿದ್ದಳು. ಬಿಳಿ ತೊಗಲಿನ ಮುದುಕಿ, ದೂರದ ದೇಶದವಳು, ಒಂಟಿ. ಸುತ್ತಿನ ಹೆರಿಗೆಯೆಲ್ಲ ಅವಳ ಕೈಯಲ್ಲೇ. ಎಂಥ ಬಿಸಿಲಿದ್ದರೂ ಉದ್ದ ತೋಳಿನ ಅಂಗಿ. ಒಮ್ಮೆ ನನ್ನ ಬೆರಳು ಕೀವಾಗಿ ಹೋಗಿದ್ದೆ. ಪಟ್ಟಿ ಕಟ್ಟುವಾಗ ಅವಳ ಅಂಗಿಯ ತೋಳು ಮೇಲೆ ಸರಿಯಿತು. ಹಚ್ಚೆ— ಹೂವಲ್ಲ, ಬಳ್ಳಿಯಲ್ಲ, ಬರೀ ಅಂಕಿ.

“ಯಾರ್ ಹಾಕ್ಯಾರ್ರೀ ಇದನ್ನ? ಏನ್ ಕೆಟ್ಟ ಕೈರೀ ಆಕೀದು, ಒಂದೂ ನೆಟ್ಟಗಿಲ್ಲ,” ಎಂದೆ.

ನಕ್ಕಳು. ಆಮೇಲೆ ಹೇಳಿದಳು. ದೊಡ್ಡ ಯುದ್ಧದ ಕಾಲಕ್ಕೆ ಅವಳ ಜನರನ್ನು— ಯಹೂದಿಗಳು ಅನ್ನುತ್ತಾರಂತೆ— ಬಂದೀಖಾನೆಗೆ ತುಂಬಿ, ಅದುಮಿ ಹಿಡಿದು ಈ ನಂಬರು ಚುಚ್ಚಿದ್ದರಂತೆ. ಅವ್ವ, ತಂಗಿ ಅಲ್ಲೇ ಹೋದರು. ಇವಳು ಔಷಧಿಯಿಲ್ಲದೆ, ಬಿಸಿನೀರಿಲ್ಲದೆ ಅಲ್ಲಿನ ಹೆಂಗಸರ ಹೆರಿಗೆ ಮಾಡಿಸಿದಳು.

“ನೀವೇನ್ ತಪ್ಪ ಮಾಡಿದ್ರಿ?”

“ಹುಟ್ಟಿದೆ.”

ಯಾರಿಗೂ ಹೇಳಬೇಡ ಎನ್ನಲಿಲ್ಲ. ನನ್ನನ್ನು ನಂಬಿದ್ದಳು—

ಒಂದು ಸಂತೆಯ ದಿನ ದುರುಗಮ್ಮ ಎಂಬ ಹುಡುಗಿಯನ್ನು ಅತ್ತೆಯಾಗುವವಳು ಕರೆತಂದಳು. ಸೂಜಿ ಕಂಡು ಹುಡುಗಿ ಚೀರಿತು. ಬಸ್ಸಿಳಿದ ಡಾಕ್ಟರಮ್ಮ ನುಗ್ಗಿ ಬಂದು ನನ್ನ ಕೈಯ ಸೂಜಿ ಕಿತ್ತು ಎಸೆದಳು. “ಬಿಡ್ರಿ! ಹಿಡಿಯಬೇಡ್ರಿ!” ಹಿಡಿದವರ ಕೈ ಬಿಡಿಸಿದಳು. ಯಾಕೆ ಅಂತ ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಮಂದಿ ನಕ್ಕರು. “ಏ ಮಲ್ಲಮ್ಮ, ಬಿಳೀ ಆಯಿ ನಿನ್ನ ಸೂಜೀನ ಕಸಗೊಂಡ್ಳಲ್ಲಬೇ!”

ನನಗೆ ಉರಿ ಹತ್ತಿತು.

“ಆಕಿ ತೋಳ್ ಸರಿಸಿ ನೋಡ್ರಿ. ಜೇಲಿನ ನಂಬರ ಐತಿ.”

ಜೇಲು ಅಂದೆ. ಯಾಕೆ ಅಂತ ಹೇಳಲಿಲ್ಲ. ಅವಳು ನನ್ನ ಮುಖ ನೋಡಿದಳು. ತೋಳಿನ ಗುಂಡಿ ಹಾಕಿಕೊಂಡು ಹೋದಳು. ನಾನು ಸೂಜಿ ಹುಡುಕಿ ತಂದು ಹುಡುಗಿಯ ಹಚ್ಚೆ ಮುಗಿಸಿದೆ.

ಮುಂದಿನ ಸಂತೆಯ ಹೊತ್ತಿಗೆ ಮಾತು ಬೆಳೆದಿತ್ತು. ಕೂಸು ಕೊಂದು ಜೇಲಿಗೆ ಹೋದವಳಂತೆ, ಓಡಿ ಬಂದಿದ್ದಾಳಂತೆ. ನನ್ನನ್ನೂ ಕೇಳಿದರು. ಹೌದು ಅನ್ನಲಿಲ್ಲ, ಅಲ್ಲ ಅಂತಲೂ— ದವಾಖಾನೆ ಖಾಲಿಯಾಯಿತು.

ವರ್ಷ ತುಂಬುವುದರೊಳಗೆ ದುರುಗಮ್ಮನಿಗೆ ನಮ್ಮೂರಲ್ಲೇ, ಅತ್ತೆಯ ಮನೆಯಲ್ಲಿ, ಹೆರಿಗೆ ಬೇನೆ. ಕೂಸು ಅಡ್ಡ ತಿರುಗಿತ್ತು. ನಡುಮಧ್ಯಾಹ್ನ, ದವಾಖಾನೆ ಎರಡು ಓಣಿ ಆಚೆ. ಡಾಕ್ಟರಮ್ಮ ಕರೆಯದೆಯೇ ಚೀಲ ಹಿಡಿದು ಬಂದಳು. ಅತ್ತೆ ಹೊಸ್ತಿಲಿಗೆ ಅಡ್ಡ ನಿಂತಳು. “ಲಿಂಗಸುಗೂರಿಗೆ ಒಯ್ತೀವಿ. ಜೇಲಿನಾಕಿ ಕೈಯಾಗ ಕೊಡಂಗಿಲ್ಲ.” ಪಕ್ಕದಲ್ಲೇ ನಾನು. ಒಂದು ಮಾತು ಸಾಕಿತ್ತು. ಆಡಿದ್ದರೆ ಸಂತೆಯಲ್ಲಿ ಅರ್ಧ ನುಂಗಿದ್ದೂ ಹೊರಗೆ ಬೀಳುತ್ತಿತ್ತು— ಬಾಯಿ ಬಿಡಲಿಲ್ಲ.

ಬಂಡಿ ಊರು ದಾಟುವ ಮೊದಲೇ ದುರುಗಮ್ಮ ಸತ್ತಳು. ಕೂಸೂ ಉಳಿಯಲಿಲ್ಲ. ಮೈ ತೊಳೆಯುವಾಗ ನೋಡಿದೆ, ನಾನು ಹಾಕಿದ ಹಚ್ಚೆ ಇನ್ನೂ ಹಸಿರಾಗಿತ್ತು. ಸತ್ತಾಗ ಜೊತೆಗೆ ಬರುವುದು ಇದೊಂದೇ ಎಂದು ಹೇಳಿಯೇ ನಾನು ಗಿರಾಕಿ ಕರೆಯುತ್ತಿದ್ದುದು.

ಸಂಜೆ ಡಾಕ್ಟರಮ್ಮ ನನ್ನ ಬಾಗಿಲಿಗೆ ಬಂದಳು. “ಮಲ್ಲಮ್ಮ, ನಿನಗೆ ಗೊತ್ತಿತ್ತು.” ಅಷ್ಟೇ ಅಂದಳು.

ಮರುದಿನ ಮುಂಜಾನೆ ಮಸ್ಕಿ ಸಂತೆ. ಅವಳು ಟ್ರಂಕು ಇಟ್ಟುಕೊಂಡು ಸಿಂಧನೂರು ಬಸ್ಸಿಗೆ ನಿಂತಿದ್ದಳು. ಎದುರಿಗೆ, ಬೇವಿನ ಕೆಳಗೆ ನಾನು. ಒಂದು ಹುಡುಗಿಯನ್ನು ತಂದು ಕೂಡಿಸಿದರು. ಅಳತೊಡಗಿತು. ಡಾಕ್ಟರಮ್ಮ ಈ ಕಡೆ ತಿರುಗಿದ್ದು ಗೊತ್ತಾಯಿತು. ನಾನು ತಲೆ ಎತ್ತಲಿಲ್ಲ.

“ಗಟ್ಟಿ ಹಿಡೀರಿ,” ಎಂದು ಸೂಜಿ ಅದ್ದಿದೆ.